ಸಣ್ಣ ಗೊಂಬೆಗೆ ಎಂಥ ಕುಂಚ?

ಸಣ್ಣ ಕೆಲಸಕ್ಕೆ ಸಣ್ಣ ಕುಂಚ ಬೇಕೆಂದು ನಮ್ಮ ವಿದ್ಯಾರ್ಥಿಗಳು ನಂಬಿದ್ದಾರೆ. ಅವರಿಗೆ ಕುಂಚ ಕೊಡಿಸುವ ತಂದೆತಾಯಿಗಳೂ ಹಾಗೆಯೇ ನಂಬಿದ್ದಾರೆ. ಅಂಗಡಿಗೆ ಹೋದವರು ‘ಇರೋದ್ರಲ್ಲಿ ಎಲ್ಲಕ್ಕಿಂತ ಸಣ್ಣದು ಕೊಡಿ’ ಎನ್ನುತ್ತಾರೆ. ಅಂಗಡಿಯವನು ಮೂರು ಸೊನ್ನೆಯ ಬ್ರಷ್ಷನ್ನು ತೆಗೆದುಕೊಡುತ್ತಾನೆ. ಮನೆಗೆ ಬಂದು ಅದನ್ನು ಬಣ್ಣದಲ್ಲಿ ಅದ್ದಿ, ಗೊಂಬೆಯ ಮುಖದ ಹತ್ತಿರ ಒಯ್ಯುವಷ್ಟರಲ್ಲಿ ತುದಿಯ ಬಣ್ಣ ಒಣಗಿರುತ್ತದೆ. ಮತ್ತೆ ಅದ್ದುವುದು, ಮತ್ತೆ ಒಣಗುವುದು. ಕೊನೆಗೆ ‘ನನಗೆ ಕೈ ಬರೋದಿಲ್ಲ ಸಾರ್’ ಎಂದು ಮಗು ಕುಂಚವನ್ನು ಮೂಲೆಗೆ ಎಸೆಯುತ್ತದೆ. ಪಾಪ, ಕೈಯಲ್ಲಿ ಏನೂ ಕೊರತೆಯಿಲ್ಲ. ಕುಂಚಕ್ಕೆ ಹೊಟ್ಟೆ ಇಲ್ಲ, ಅಷ್ಟೆ.

ಕನ್ನಡ ಪಾಠ ಹೇಳುವ ನಾವು ಕುಂಚದ ವಿಷಯ ಬರೆಯಲು ಹೊರಟಿರುವುದನ್ನು ಕಂಡು ಕೆಲವರು ನಗಬಹುದು. ಚಿತ್ರಕಲೆ ನಮ್ಮ ವಿಷಯವಲ್ಲ. ತರಬೇತಿ ಕಾಲೇಜಿನಲ್ಲಿದ್ದಾಗ ಪಾಠೋಪಕರಣಗಳಿಗೆಂದು ಚಾರ್ಟು ಬರೆದು, ಮಣ್ಣಿನ ಹಣ್ಣುಗಳಿಗೆ ಬಣ್ಣ ಬಳಿದು ಕಲಿತದ್ದೇ ನಮ್ಮ ಬಂಡವಾಳ. ಆದರೆ ಚಿತ್ರಕಲಾ ಉಪಾಧ್ಯಾಯರಿಲ್ಲದ ಶಾಲೆಯಲ್ಲಿ ಕೈಬರಹ ಚೆನ್ನಾಗಿರುವ ಭಾಷಾ ಉಪಾಧ್ಯಾಯನ ಪಾಲಿಗೆ ಎಲ್ಲ ಬಣ್ಣದ ಕೆಲಸವೂ ಬಂದು ಬೀಳುತ್ತದೆ. ಗೋಡೆಯ ಮೇಲಿನ ಸುಭಾಷಿತ ನಮ್ಮದು, ಸ್ವಾತಂತ್ರ್ಯ ದಿನದ ಬ್ಯಾನರು ನಮ್ಮದು. ಕಳೆದ ಆಷಾಢದಲ್ಲಿ ಬಂದ ಇಪ್ಪತ್ತಾರು ಗೊಂಬೆಗಳೂ ನಮ್ಮ ಪಾಲಿಗೇ ಬಂದವು.

ಅವು ಊರಿನ ಒಬ್ಬ ಅಜ್ಜಿಯವರ ಗೊಂಬೆಗಳು. ದಸರೆಯಲ್ಲಿ ಮೆಟ್ಟಿಲ ಮೇಲೆ ಕೂರಿಸುವ ಮದುವೆಯ ದಿಬ್ಬಣ: ಓಲಗದವರು, ಪಲ್ಲಕ್ಕಿ ಹೊರುವವರು, ಕಳಸ ಹಿಡಿದ ಹೆಂಗಸರು, ಮದುಮಕ್ಕಳು. ಎಲ್ಲವೂ ಮಣ್ಣಿನವು, ಒಂದೊಂದೂ ಎರಡು ಅಂಗುಲ ಎತ್ತರ. ಅಜ್ಜಿಯವರಿಗೆ ತಾಯಿಯ ಮನೆಯಿಂದ ಬಂದವಂತೆ. ಮೈಮೇಲಿನ ಬಣ್ಣ ಅಲ್ಲಲ್ಲಿ ಉಳಿದಿತ್ತು, ಮುಖಗಳು ಮಾತ್ರ ಪೂರ್ತಿ ಅಳಿಸಿಹೋಗಿದ್ದವು. ‘ಮೇಷ್ಟ್ರೇ, ಕಣ್ಣಿಲ್ಲದ ಗೊಂಬೇನ ನಾವು ಕೂರಿಸಾಕಿಲ್ಲ. ಎರಡು ವರ್ಷದಿಂದ ಇವು ಪೆಟ್ಟಿಗೇಲೇ ಅವೆ. ನಿಮ್ಮ ಮಕ್ಕಳ ಕೈಲಿ ಕಣ್ಣು ಬರೆಸಿಕೊಡಿ. ಸೊಟ್ಟ ಬರೆದರೆ ಮಾತ್ರ ನಾನು ಒಪ್ಪಲ್ಲ’ ಎಂದರು. ಅಜ್ಜಿಯವರು ತಮಾಷೆಗೆ ಹೇಳಿದ ಮಾತಲ್ಲವದು.

ಎರಡಂಗುಲದ ಗೊಂಬೆಯ ಕಣ್ಣು ಎಷ್ಟು ದೊಡ್ಡದಿದ್ದೀತು? ಒಂದು ರಾಗಿ ಕಾಳಿನಷ್ಟು. ಆ ರಾಗಿ ಕಾಳಿನೊಳಗೆ ಬಿಳಿ, ಅದರ ಮೇಲೊಂದು ರೆಪ್ಪೆಯ ಗೆರೆ, ನಡುವೆ ಒಂದು ಕರಿಯ ಚುಕ್ಕೆ. ಹೀಗೆ ಐವತ್ತೆರಡು ಕಣ್ಣು. ಎಂಟು ಮತ್ತು ಒಂಬತ್ತನೆಯ ತರಗತಿಗಳ ಹದಿನಾಲ್ಕು ಮಕ್ಕಳು ಮುಂದೆ ಬಂದರು. ತಲೆಗೆ 20 ರೂಪಾಯಿಯಂತೆ 280 ರೂಪಾಯಿ ಕೂಡಿತು. ಬಣ್ಣವೂ ಕುಂಚವೂ ಅಷ್ಟರಲ್ಲೇ ಆಗಬೇಕಿತ್ತು. ಒಂದು ಕುಂಚ ಕೆಟ್ಟದ್ದು ಬಂದರೂ ಇನ್ನೊಂದಕ್ಕೆ ಹಣವಿಲ್ಲ.

ಕುಂಚ ಕೊಳ್ಳುವ ಮೊದಲು ನಾವು ಒಂದು ಪಾಠವನ್ನೇ ಮಾಡಿದೆವು. ನಮ್ಮ ಸೀಮೆಯವರಿಗೆ ಒಂದು ಅನುಕೂಲವಿದೆ. ನಾವು ಎರಡು ನುಡಿಗಳಲ್ಲಿ ಓದಿ ಬೆಳೆದವರು. ಕನ್ನಡದ ಕುಂಚ ತೆಲುಗಿನಲ್ಲಿ ಕುಂಚೆಯಾಗುತ್ತದೆ. ಹಿಂದೂಪುರದ ಅಂಗಡಿಯಲ್ಲಿ ಯಾವುದನ್ನು ಕೇಳಿದರೂ ನಡೆಯುತ್ತದೆ. ಹಳೆಯ ಗ್ರಂಥಗಳಲ್ಲಿ ಇದಕ್ಕೆ ತೂಲಿಕೆ ಎಂದೂ ಲೇಖನಿ ಎಂದೂ ಹೆಸರು. ನಾವು ಇಂದು ಬರೆಯುವ ಪೆನ್ನಿಗೆ ಲೇಖನಿ ಎನ್ನುತ್ತೇವೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರ ಬರೆಯುವ ಕುಂಚವೇ ಲೇಖನಿ. ಅದು ದಪ್ಪ, ನಡುವಣ, ಸೂಕ್ಷ್ಮ ಎಂದು ಮೂರು ಬಗೆ. ಕರುವಿನ ಕಿವಿಯ ಮೃದುವಾದ ಕೂದಲನ್ನು ಅರಗಿನಿಂದ ಕಡ್ಡಿಗೆ ಅಂಟಿಸಿ ಕುಂಚ ಮಾಡಬೇಕೆಂದು ಆ ಗ್ರಂಥ ಹೇಳುತ್ತದೆ. ಮುಂದೆ ಹದಿನಾರನೆಯ ಶತಮಾನದಲ್ಲಿ ಕೇರಳದ ಶ್ರೀಕುಮಾರ ಬರೆದ ‘ಶಿಲ್ಪರತ್ನ’ದಲ್ಲಿ ದಪ್ಪ ಕೆಲಸಕ್ಕೆ ಕರುವಿನ ಕಿವಿಯ ಕೂದಲು, ನಡುವಣದಕ್ಕೆ ಮೇಕೆಯ ಹೊಟ್ಟೆಯ ಕೂದಲು, ಸೂಕ್ಷ್ಮ ಕೆಲಸಕ್ಕೆ ಅಳಿಲಿನ ಬಾಲದ ಕೂದಲು ಎಂಬ ವಿಂಗಡಣೆ ಬರುತ್ತದೆ. ಮೈಸೂರಿನ ಸಾಂಪ್ರದಾಯಿಕ ಚಿತ್ರಗಾರರೂ ಅಳಿಲು, ಮೇಕೆಗಳ ಕೂದಲನ್ನೇ ಬಳಸುತ್ತಿದ್ದರು. ಅತಿ ನವುರಾದ ಗೆರೆಗೆ ಒಂದು ಜಾತಿಯ ಹುಲ್ಲಿನ ಚೂಪು ಎಸಳನ್ನೂ ಹಿಡಿಯುತ್ತಿದ್ದರಂತೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಗಂಜೀಫಾ ಎಲೆಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಅಂಗೈಯಲ್ಲಿ ಅಡಗುವ ದುಂಡನೆಯ ಎಲೆಯ ಮೇಲೆ ದಶಾವತಾರದ ಒಬ್ಬೊಬ್ಬ ದೇವರೂ ಆಯುಧ, ಆಭರಣ ಸಮೇತ ನಿಂತಿರುತ್ತಾನೆ.

ಈ ಪಾಠದ ಫಲ ಮರುದಿನವೇ ಕಂಡಿತು. ಒಬ್ಬ ಹುಡುಗ ತಮ್ಮ ಮನೆಯ ಕರುವಿನ ಕಿವಿಯಿಂದ ಒಂದಿಷ್ಟು ಕೂದಲು ಕತ್ತರಿಸಿ ಕಾಗದದಲ್ಲಿ ಮಡಿಸಿ ತಂದಿದ್ದ. ಕರು ಒದ್ದಿತಂತೆ. ಕೋಳಿಯ ಪುಕ್ಕದ ಟೊಳ್ಳು ದಂಟಿಗೆ ಅದನ್ನು ಸೇರಿಸಿ ನೂಲಿನಿಂದ ಬಿಗಿದು ನೋಡಿದೆವು. ನೀರನ್ನು ಚೆನ್ನಾಗಿ ಹಿಡಿಯಿತು. ತುದಿ ಮಾತ್ರ ಕೂಡಲಿಲ್ಲ. ಗೊಂಬೆಯ ಸೀರೆಗೆ ಆದೀತು, ಕಣ್ಣಿಗೆ ಆಗದು ಎಂದು ತೀರ್ಮಾನವಾಯಿತು. ಆ ಕುಂಚ ಇನ್ನೂ ನಮ್ಮ ಬೀರುವಿನಲ್ಲಿದೆ.

ಮೂರನೆಯ ದಿನ ಮೂವರು ಹುಡುಗರು ಒಂದು ಅಳಿಲನ್ನೇ ಬುಟ್ಟಿಯ ಕೆಳಗೆ ಹಿಡಿದು ತಂದರು! ಊಟದ ಬಿಡುವಿನಲ್ಲಿ ಹುಣಸೆಮರದ ಕೆಳಗೆ ಕಡಲೇಕಾಯಿ ಹಾಕಿ ಕಾದು ಕುಳಿತಿದ್ದರಂತೆ. ‘ಬಾಲದ್ದು ಸ್ವಲ್ಪ ಕತ್ತರಿಸಿಕೊಂಡು ಬಿಟ್ಟುಬಿಡ್ತೀವಿ ಸಾರ್’ ಎಂದು ಅವರ ವಾದ. ಅಳಿಲಿನ ಎದೆ ಬುಟ್ಟಿಯ ಕಡ್ಡಿಗಳ ಸಂದಿಯಲ್ಲಿ ಹೇಗೆ ಹೊಡೆದುಕೊಳ್ಳುತ್ತಿತ್ತೆಂಬುದನ್ನು ಅವರೇ ನೋಡುವಂತೆ ಮಾಡಿದೆವು. ಸೇತುವೆ ಕಟ್ಟಲು ಮರಳು ಹೊತ್ತ ಪ್ರಾಣಿಯ ಬಾಲಕ್ಕೆ ಕತ್ತರಿ ಹಾಕುವುದು ಯಾವ ಸೀಮೆಯ ಅಳಿಲುಸೇವೆಯಪ್ಪಾ ಎಂದು ಕೇಳಿದಾಗ ಒಬ್ಬ ನಕ್ಕ, ಇಬ್ಬರು ತಲೆ ತಗ್ಗಿಸಿದರು. ಬುಟ್ಟಿ ಎತ್ತಿದ್ದೇ ತಡ, ಅದು ಮರ ಹತ್ತಿ ಮಾಯವಾಯಿತು.

ಇಲ್ಲಿಯೇ ಇನ್ನೊಂದು ಮಾತನ್ನು ಪೋಷಕರಿಗೆ ಹೇಳಿಬಿಡುವುದು ಒಳ್ಳೆಯದು. ಮುಂಗುಸಿಯ ಕೂದಲಿನ ಕುಂಚವೆಂದು ಒಂದು ಮಾರಾಟವಾಗುತ್ತಿತ್ತು. ಬುಡದಲ್ಲಿ ಮಾಸಲು, ನಡುವೆ ಕಂದು, ತುದಿಯಲ್ಲಿ ತಿಳಿ ಬಣ್ಣ, ಹೀಗೆ ಪಟ್ಟೆಪಟ್ಟೆಯಾಗಿ ಕಾಣುವ ಗಟ್ಟಿ ಕೂದಲು. ಒಂದು ಮುಂಗುಸಿಯಿಂದ ಸಿಗುವುದು ಸ್ವಲ್ಪವೇ, ಆದ್ದರಿಂದ ಅದಕ್ಕಾಗಿ ಸಾಯುತ್ತಿದ್ದ ಪ್ರಾಣಿಗಳು ಬಹಳ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮುಂಗುಸಿಯನ್ನು ಹಿಡಿಯುವುದೂ ಅದರ ಕೂದಲಿನ ಕುಂಚವನ್ನು ಮಾರುವುದೂ ಅಪರಾಧ. ಕಡಲೇಕಾಯಿ ಹೊಲದಲ್ಲಿ ಹಾವು ಇಲಿಗಳ ನಡುವೆ ದುಡಿಯುವ ನಮ್ಮವರಿಗೆ ಮುಂಗುಸಿ ಎಂಥ ನೆಂಟನೆಂದು ಬೇರೆ ಹೇಳಬೇಕಾಗಿಲ್ಲ. ಯಾರಾದರೂ ಗುಟ್ಟಾಗಿ ತೋರಿಸಿದರೂ ಕೊಳ್ಳಬೇಡಿ. ಇನ್ನು ‘ಒಂಟೆ ಕೂದಲಿನ ಬ್ರಷ್ಷು’ ಎಂದು ಹೇಳುವುದುಂಟಲ್ಲ, ಅದರಲ್ಲಿ ಒಂಟೆಯ ಕೂದಲು ಇರುವುದೇ ಇಲ್ಲ! ಅಳಿಲು, ಮೇಕೆ, ಕುದುರೆ ಇತ್ಯಾದಿಗಳ ಕೂದಲಿಗೆ ವ್ಯಾಪಾರದವರು ಇಟ್ಟ ಹೆಸರದು. ಕ್ಯಾಮೆಲ್ ಎಂಬ ಹೆಸರಿನ ಬಣ್ಣ, ಬ್ರಷ್ಷುಗಳನ್ನು ಕಂಡ ನಮ್ಮ ಮಕ್ಕಳಿಗೆ ಈ ಗೊಂದಲ ಇನ್ನೂ ಹೆಚ್ಚು. ಅದು ಕಂಪನಿಯ ಗುರುತು ಮಾತ್ರ.

ಹಿಂದೂಪುರಕ್ಕೆ ಶನಿವಾರ ಮಧ್ಯಾಹ್ನ ಇಬ್ಬರು ವಿದ್ಯಾರ್ಥಿಗಳೊಂದಿಗೆ ಹೋದೆವು. ಒಬ್ಬ ಹುಡುಗನ ತಂದೆಯವರೂ ಜೊತೆಗೆ ಬಂದರು. ಅವರಿಗೆ ಈ ಕೆಲಸವೇ ಇಷ್ಟವಿರಲಿಲ್ಲ. ‘ಮುಂದಿನ ವರ್ಷ ಹತ್ತನೇ ಕ್ಲಾಸು ಐತೆ ಸಾರ್. ಗೊಂಬೆಗೆ ಕಣ್ಣು ಬರೆದ್ರೆ ಮಾರ್ಕ್ಸ್ ಕೊಡ್ತಾರಾ?’ ಎಂದು ಬಸ್ಸಿನಲ್ಲಿಯೇ ಕೇಳಿದರು. ಕೊಡುವುದಿಲ್ಲವೆಂದು ನಾವು ನಿಜವನ್ನೇ ಹೇಳಿದೆವು. ಅವರು ಮಾತು ಬೆಳೆಸಲಿಲ್ಲ.

ಅಂಗಡಿಯಲ್ಲಿ ನಾವು ಮೊದಲು ಕೇಳಿದ್ದು ಒಂದು ಲೋಟ ನೀರು. ಅಂಗಡಿಯವರು ಬಾಯಾರಿಕೆಯೆಂದು ತಿಳಿದು ತಣ್ಣೀರು ತರಿಸಿಕೊಟ್ಟರು. ಆ ನೀರಿನಲ್ಲಿ ಕುಂಚ ಅದ್ದಿದ್ದನ್ನು ಕಂಡು ಅವರ ಮುಖ ಸ್ವಲ್ಪ ಸಣ್ಣದಾಯಿತು. ಕಾರಣ ಹೇಳಿದ ಮೇಲೆ ತಾವೇ ಇನ್ನಷ್ಟು ಕುಂಚಗಳನ್ನು ತಂದಿಟ್ಟರು. ಕಾರಣವಿಷ್ಟೆ. ಹೊಸ ಕುಂಚದ ತುದಿಯನ್ನು ಅಂಟು ಹಾಕಿ ಚೂಪಾಗಿ ನಿಲ್ಲಿಸಿರುತ್ತಾರೆ. ಒಣಗಿದಾಗ ಎಲ್ಲ ಕುಂಚವೂ ಸೂಜಿಯೇ. ನೀರಿನಲ್ಲಿ ಅಂಟು ಬಿಡಿಸಿ, ಒಮ್ಮೆ ಕೊಡವಿ, ಆಮೇಲೆ ನೋಡಬೇಕು. ಒಳ್ಳೆಯದಾದರೆ ಒದ್ದೆ ಕೂದಲು ತಾನಾಗಿ ಒಂದೇ ಮೊನೆಗೆ ಕೂಡುತ್ತದೆ. ಕೆಟ್ಟದ್ದು ಎರಡಾಗಿ ಸೀಳುತ್ತದೆ, ಇಲ್ಲವೆ ಒಂದು ಕೂದಲು ಗುಂಪು ಬಿಟ್ಟು ಹೊರಗೆ ನಿಲ್ಲುತ್ತದೆ. ತುದಿಯನ್ನು ಬೆರಳುಗುರಿನ ಮೇಲೆ ಮೆಲ್ಲಗೆ ಬಾಗಿಸಿ ಬಿಟ್ಟರೆ ನೆಟ್ಟಗೆ ನಿಲ್ಲಬೇಕು. ಬಾಗಿದ್ದು ಬಾಗಿಯೇ ಉಳಿದರೆ ಅದು ಕಣ್ಣಿನ ಕೆಲಸಕ್ಕೆ ಬರುವುದಿಲ್ಲ. ಕೂದಲನ್ನು ಹಿಡಿದಿರುವ ತಗಡಿನ ಕೊಳವೆ ಅಲುಗಾಡುತ್ತದೆಯೇ ಎಂದೂ ತಿರುಗಿಸಿ ನೋಡಬೇಕು.

ಮುಖ್ಯವಾದದ್ದು ಹೊಟ್ಟೆ. ಕೊಳವೆಯಿಂದ ಹೊರಬಂದ ಕೂದಲು ನಡುವೆ ತುಸು ಉಬ್ಬಿ, ಆಮೇಲೆ ಮೊನೆಗೆ ಇಳಿಯಬೇಕು. ಆ ಉಬ್ಬಿನಲ್ಲಿ ಬಣ್ಣ ನಿಲ್ಲುತ್ತದೆ, ಅಲ್ಲಿಂದ ಮೊನೆಗೆ ಹರಿದು ಬರುತ್ತದೆ. ಮೂರು ಸೊನ್ನೆಯ ಕುಂಚದಲ್ಲಿ ಮೊನೆ ಇದ್ದರೂ ಬಣ್ಣ ನಿಲ್ಲುವ ಜಾಗವಿಲ್ಲ. ನಮ್ಮ ಒಣಸೀಮೆಯ ಆಷಾಢದ ಗಾಳಿಗೆ ಅದರ ಬಣ್ಣ ಕಣ್ಣು ಮಿಟುಕಿಸುವಷ್ಟರಲ್ಲಿ ಒಣಗುತ್ತದೆ. ಆದ್ದರಿಂದ ರಾಗಿ ಕಾಳಿನಷ್ಟು ಕಣ್ಣಿಗೂ ಒಂದನೆಯ ಸಂಖ್ಯೆಯ, ಎರಡನೆಯ ಸಂಖ್ಯೆಯ ಕುಂಚವೇ ಮೇಲು, ಮೊನೆ ಚೆನ್ನಾಗಿದ್ದರೆ. ಗೆರೆಯನ್ನು ಎಳೆಯುವುದು ಮೊನೆಯೇ ಹೊರತು ಸಂಖ್ಯೆಯಲ್ಲ. ಈ ಸಂಖ್ಯೆಗಳೂ ಒಂದೊಂದು ಕಂಪನಿಗೆ ಒಂದೊಂದು ತೆರ. ಒಬ್ಬರ ಒಂದು ಇನ್ನೊಬ್ಬರ ಸೊನ್ನೆಗೆ ಸಮವಿರಬಹುದು. ಸೊನ್ನೆ ಸೇರಿಸಿದಷ್ಟೂ ಕುಂಚ ಕಿರಿದಾಗುತ್ತದೆಂಬುದನ್ನು ನಮ್ಮ ಗಣಿತದ ಉಪಾಧ್ಯಾಯರು ಇನ್ನೂ ಒಪ್ಪಿಲ್ಲ.

ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ಸ್ವತಃ ಜಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದಳು. 1866ರಲ್ಲಿ ವಿನ್ಸರ್ ಅಂಡ್ ನ್ಯೂಟನ್ ಕಂಪನಿಗೆ ತನಗಾಗಿ ಅತ್ಯುತ್ತಮ ಕುಂಚಗಳನ್ನು ಮಾಡಿಕೊಡಲು ಆಜ್ಞೆ ಕೊಟ್ಟಳು. ಅವಳಿಗೆ ಪ್ರಿಯವಾಗಿದ್ದ ಅಳತೆ ಏಳನೆಯ ಸಂಖ್ಯೆಯದು! ಸೈಬೀರಿಯಾ ಕಡೆಯ ಕೊಲಿನ್‌ಸ್ಕಿ ಎಂಬ ಪ್ರಾಣಿಯ ಬಾಲದ ಕೂದಲಿನಿಂದ ಮಾಡುವ ಆ ಮಾಲೆಯ ಕುಂಚಗಳನ್ನು ಸಣ್ಣ ಸಣ್ಣ ಸಿಪಾಯಿ ಗೊಂಬೆಗಳಿಗೆ ಬಣ್ಣ ಹಾಕುವ ಹವ್ಯಾಸಿಗಳು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ನಮ್ಮ 280 ರೂಪಾಯಿಗೆ ಅದರ ಡಬ್ಬಿಯೂ ಬರಲಾರದು. ನಮಗೆ ಬೇಕಾಗಿಯೂ ಇರಲಿಲ್ಲ. ನಾವು ಬಳಸಲಿದ್ದದ್ದು ಅಕ್ರಿಲಿಕ್ ಬಣ್ಣ. ಅದು ಪ್ರಾಣಿಯ ಕೂದಲನ್ನು ಬೇಗ ಕೆಡಿಸುತ್ತದೆ. ನೈಲಾನಿನಂಥ ಕೃತಕ ಕೂದಲು ಅದಕ್ಕೆ ತಕ್ಕದ್ದು, ಅಗ್ಗವೂ ಹೌದು. ಅದಕ್ಕಿರುವ ದೋಷವೆಂದರೆ ಕೆಲವು ತಿಂಗಳಲ್ಲಿ ಮೊನೆ ಕೊಕ್ಕೆಯಂತೆ ಬಾಗುವುದು.

ಐದು ಕುಂಚ ಆರಿಸಲು ನಮಗೆ ಮುಕ್ಕಾಲು ಗಂಟೆ ಹಿಡಿಯಿತು: ಮೈಗೆ ಬಳಿಯಲು ಚಪ್ಪಟೆಯದೊಂದು, ಸೀರೆ ಪಂಚೆಗಳ ಅಂಚಿಗೆ ಎರಡನೆಯ ಸಂಖ್ಯೆಯವು ಎರಡು, ಕಣ್ಣಿಗೆ ಒಂದನೆಯ ಸಂಖ್ಯೆಯವು ಎರಡು. ಸುಮ್ಮನೆ ನಿಂತು ನೋಡುತ್ತಿದ್ದ ಆ ತಂದೆಯವರು ಕೊನೆಗೆ ‘ಬಿತ್ತನೆ ಬೀಜ ಆರಿಸ್ದಂಗೆ ಆರಿಸ್ತೀರಲ್ಲ ಸಾರ್’ ಎಂದರು. ಆಮೇಲೆ ತಾವೇ ಒಂದು ಕುಂಚವನ್ನು ನೀರಿನಲ್ಲದ್ದಿ, ಕೊಡವಿ, ಬೆಳಕಿಗೆ ಹಿಡಿದು, ‘ಇದು ಸೀಳ್ತೈತೆ, ಬೇಡ’ ಎಂದು ಪಕ್ಕಕ್ಕಿಟ್ಟರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಗೊಂಬೆಗಳನ್ನು ಮುಟ್ಟುವ ಮೊದಲು ಮಕ್ಕಳಿಗೆ ಹಳೆಯ ಗೆರೆಗಳನ್ನು ತೋರಿಸಬೇಕೆನ್ನಿಸಿ ಒಂದು ಭಾನುವಾರ ಲೇಪಾಕ್ಷಿಗೆ ಕರೆದುಕೊಂಡು ಹೋದೆವು. ಅಚ್ಯುತರಾಯನ ಕಾಲದಲ್ಲಿ, 1530ರ ಸುಮಾರಿಗೆ, ವಿರೂಪಣ್ಣ ಕಟ್ಟಿಸಿದ ಗುಡಿಯೆಂದು ಪಾಠಗಳಲ್ಲಿ ಓದಿದ್ದೇವೆ. ಅದರ ಮಂಟಪದ ಚಾವಣಿಯ ಚಿತ್ರಗಳನ್ನು ಕತ್ತೆತ್ತಿ ನೋಡಬೇಕು. ಕಾವಿ, ಕಪ್ಪು, ಬಿಳಿ, ಹಸಿರು ಮೊದಲಾದ ಬಣ್ಣಗಳು. ಪ್ರತಿಯೊಂದು ಮುಖಕ್ಕೂ ಕಪ್ಪು ಗೆರೆಯ ಕಟ್ಟು. ಒಂಬತ್ತನೆಯ ತರಗತಿಯ ಒಬ್ಬಳು ಹುಡುಗಿ ಬಹಳ ಹೊತ್ತು ನೋಡಿ, ‘ಸಾರ್, ಕಣ್ಣಿನ ಗೆರೆ ನಡುವೆ ದಪ್ಪ, ಎರಡು ಕೊನೆಗೂ ಸಣ್ಣ’ ಎಂದಳು. ಕುಂಚವನ್ನು ಒತ್ತಿ ಹಿಡಿದಾಗ ದಪ್ಪ, ಎತ್ತುತ್ತ ಬಂದಾಗ ಸಣ್ಣ. ಹೊಟ್ಟೆಯಿರುವ ಕುಂಚವೊಂದರಿಂದಲೇ ಆಗುವ ಮಾತು. ಅವಳು ತಾನೇ ಕಂಡು ಹೇಳಿದ್ದರಿಂದ ನಮ್ಮ ಒಂದು ಪಾಠ ಉಳಿಯಿತು. ಸಣ್ಣದರ ಕಲೆಗೆ ದೂರ ಹೋಗಬೇಕಾಗಿಲ್ಲ ಎಂದು ಅಂದು ನಿಮ್ಮಲಕುಂಟೆಯ ತೊಗಲುಗೊಂಬೆಯವರ ಸುದ್ದಿಯೂ ಬಂತು. ಧರ್ಮಾವರದ ಬಳಿಯ ಆ ಹಳ್ಳಿಯ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂದಿದೆ. ಅಲ್ಲಿಗೂ ಹೋಗಬೇಕೆಂದು ಮಕ್ಕಳ ಹಟ. ಬಸ್ಸಿನ ಖರ್ಚು ಕೂಡಿದಾಗ ನೋಡೋಣವೆಂದಿದ್ದೇವೆ.

ಶ್ರಾವಣದಲ್ಲಿ ಕೆಲಸ ಹಿಡಿದೆವು. ಗೊಂಬೆಯನ್ನು ಕೈಯಲ್ಲಿ ಹಿಡಿಯದೆ, ಖಾಲಿ ಔಷಧದ ಸೀಸೆಯ ಮುಚ್ಚಳಕ್ಕೆ ಮೇಣದಿಂದ ನಿಲ್ಲಿಸಿ, ಸೀಸೆಯನ್ನು ಹಿಡಿದು ತಿರುಗಿಸಿದೆವು. ಎರಡು ಮುಂಗೈಗಳೂ ಮೇಜಿನ ಮೇಲೆ ಊರಿರಬೇಕು, ಒಂದಕ್ಕೊಂದು ತಾಗಿರಬೇಕು. ಕೈ ನಡುಗಿದರೆ ಗೊಂಬೆಯೂ ಕುಂಚವೂ ಒಟ್ಟಿಗೆ ನಡುಗುತ್ತವೆ, ಗೆರೆ ಕೆಡುವುದಿಲ್ಲ. ಗಾಳಿಗೆ ಬಾಗಿಲು ಹಾಕಿ, ಕಿಟಕಿಯ ಬೆಳಕಿಗೆ ಕುಳಿತೆವು. ಮೈ, ಬಟ್ಟೆ, ಒಡವೆ ಎಲ್ಲ ಮುಗಿಯಲು ಮೂರು ವಾರ. ಕಣ್ಣು ಕೊನೆಗೆ. ನಮ್ಮಲ್ಲಿ ವಿಗ್ರಹಕ್ಕೂ ಕಣ್ಣು ತೆರೆಯುವುದು ಕೊನೆಗೇ ತಾನೆ?

ಕಣ್ಣು ಯಾರು ಬರೆಯಬೇಕು? ಸೀಮೆಸುಣ್ಣದ ಚೂರುಗಳ ಮೇಲೆ ಹದಿನಾಲ್ವರೂ ಬರೆದು ತೋರಿಸಿದರು. ಚೆನ್ನಾಗಿ ಚಿತ್ರ ಬರೆಯುವನೆಂದು ಹೆಸರಾದ ಹುಡುಗನ ಕೈ ಇಲ್ಲಿ ಭಾರವಾಯಿತು. ಲೇಪಾಕ್ಷಿಯಲ್ಲಿ ಗೆರೆ ಗುರುತಿಸಿದ ಆ ಹುಡುಗಿ ಚಿತ್ರದಲ್ಲಿ ಎಂದೂ ಮುಂದಿದ್ದವಳಲ್ಲ. ಅವಳ ಚುಕ್ಕೆಗಳು ಮಾತ್ರ ಒಂದೇ ಅಳತೆಗೆ ಬಿದ್ದವು. ವಿಚಾರಿಸಿದಾಗ ತಿಳಿಯಿತು: ಅವರ ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಈಗ ಬಹುಮಂದಿ ಚಾಕಿ ಹುಳುವನ್ನೇ ತರುತ್ತಾರಾದರೂ ಅವಳ ಅಜ್ಜಿ ಮೊಟ್ಟೆ ತಂದು ಮನೆಯಲ್ಲೇ ಮರಿ ಮಾಡಿಸುತ್ತಿದ್ದವರು. ಆಗತಾನೆ ಮೊಟ್ಟೆಯೊಡೆದ ಇರುವೆಯಂಥ ಮರಿಗಳನ್ನು ಕೋಳಿಯ ಪುಕ್ಕದ ತುದಿಯಿಂದ ಸೊಪ್ಪಿನ ಮೇಲೆ ಸರಿಸುವುದು ಚಿಕ್ಕಂದಿನಿಂದ ಅವಳ ಕೆಲಸ. ಸ್ವಲ್ಪ ಒತ್ತಿದರೆ ಮರಿ ಸಾಯುತ್ತದೆ. ನಾವು ಕಲಿಸಬೇಕೆಂದಿದ್ದ ಕೈಯನ್ನು ಅವಳ ಅಜ್ಜಿ ಆಗಲೇ ಕಲಿಸಿಬಿಟ್ಟಿದ್ದರು.

ಅವಳು ಮೂವತ್ತೆರಡು ಕಣ್ಣು ಬರೆದಳು. ಉಳಿದವನ್ನು ಅವಳೇ ಕಲಿಸಿದ ಇಬ್ಬರು ಬರೆದರು. ಅವಳ ಕ್ರಮ ಹೀಗಿತ್ತು: ಕುಂಚವನ್ನು ಅದ್ದಿದ ಮೇಲೆ ಹಳೆಯ ಕಾಗದದ ಮೇಲೆ ಒಮ್ಮೆ ಸವರಿ ಹೆಚ್ಚಿನ ಬಣ್ಣ ತೆಗೆಯುವಳು, ಹೆಬ್ಬೆರಳಿನ ಉಗುರಿನ ಮೇಲೆ ಒಂದು ಚುಕ್ಕೆಯಿಟ್ಟು ನೋಡುವಳು, ಅದು ಸರಿಯಿದ್ದರೆ ಮಾತ್ರ ಗೊಂಬೆಗೆ. ತನ್ನ ಕೈಗೆ ಕಷ್ಟವಾದ ಕಡೆಯ ಕಣ್ಣನ್ನು ಮೊದಲು ಬರೆದು, ಸುಲಭದ್ದನ್ನು ಅದಕ್ಕೆ ಹೊಂದಿಸುವಳು.

ಅಜ್ಜಿಯವರು ಮಹಾಲಯಕ್ಕೆ ಮುಂಚೆ ಶಾಲೆಗೆ ಬಂದರು. ಒಂದೊಂದನ್ನೂ ಕನ್ನಡಕದ ಹತ್ತಿರ ಹಿಡಿದು ನೋಡಿದರು. ಮಕ್ಕಳು ಉಸಿರು ಬಿಡಲಿಲ್ಲ. ಹದಿನೇಳನೆಯದೋ ಹದಿನೆಂಟನೆಯದೋ ಡೋಲಿನವನ ಸರದಿ ಬಂದಾಗ ಕೈ ನಿಂತಿತು. ‘ಇವನ ಕಣ್ಣು ಓರೆ ಐತಲ್ಲ?’ ಎಂದರು. ನಾವು ನೋಡಿದೆವು, ನಿಜ, ಕಪ್ಪು ಚುಕ್ಕೆ ಎರಡೂ ಒಂದು ಮೂಲೆಗೆ ಸರಿದಿದ್ದವು. ಹುಡುಗಿಯ ಮುಖ ಬಾಡಿತು. ಅಜ್ಜಿಯವರು ಡೋಲಿನವನನ್ನು ಮೇಜಿನ ಮೇಲೆ ದಿಬ್ಬಣದ ಸಾಲಿನಲ್ಲಿ ನಿಲ್ಲಿಸಿ, ಸ್ವಲ್ಪ ತಿರುಗಿಸಿ, ಮತ್ತೆ ನೋಡಿದರು. ‘ಹೂಂ, ಇವನು ಓಲಗದವನ ಮುಖ ನೋಡ್ಕೊಂಡೇ ಬಾರಿಸಬೇಕಲ್ಲ. ಇರಲಿ ಬಿಡು ಮಗಾ’ ಎಂದು ಮುಂದಿನದಕ್ಕೆ ಕೈಹಾಕಿದರು. ಆ ದಸರೆಗೆ ಇಪ್ಪತ್ತಾರೂ ಮೆಟ್ಟಿಲೇರಿದವು.

ಕುಂಚಗಳು ಈಗ ನಮ್ಮ ಬೀರುವಿನಲ್ಲಿವೆ. ಎರಡನೆಯ ಸಂಖ್ಯೆಯ ಒಂದರ ಮೊನೆ ಕೊಕ್ಕೆಯಾಗಿದೆ. ಅದನ್ನು ಬಣ್ಣ ಕಲಸಲು ಇಟ್ಟಿದ್ದೇವೆ. ಒಂದನೆಯ ಸಂಖ್ಯೆಯವೆರಡೂ ಇನ್ನೂ ಚೂಪಾಗಿವೆ. ಕೆಲಸ ಮುಗಿದೊಡನೆ ತಣ್ಣೀರಿನಲ್ಲಿ ತೊಳೆದು, ಅಂಗೈಯಲ್ಲಿ ಸ್ವಲ್ಪ ಸಾಬೂನಿನೊಂದಿಗೆ ಮೆಲ್ಲಗೆ ಸುತ್ತಿಸಿ, ಬೆರಳಿನಿಂದ ಮೊನೆ ಕೂಡಿಸಿ ಇಡುತ್ತಾರೆ. ಬಣ್ಣ ತಗಡಿನ ಕೊಳವೆಯ ತನಕ ಏರದಂತೆ ಅರ್ಧ ಕೂದಲಷ್ಟೇ ಅದ್ದುತ್ತಾರೆ. ನೀರಿನ ಲೋಟದಲ್ಲಿ ತಲೆಕೆಳಗಾಗಿ ಕುಂಚ ಬಿಟ್ಟುಹೋದವರ ಹೆಸರನ್ನು ಹಲಗೆಯ ಮೇಲೆ ಬರೆಯುವ ಪದ್ಧತಿಯನ್ನು ಮಕ್ಕಳೇ ಮಾಡಿಕೊಂಡಿದ್ದಾರೆ. ಬೇಕಾದವರು ಗ್ರಂಥಾಲಯದ ಪುಸ್ತಕದಂತೆ ವಹಿಯಲ್ಲಿ ಬರೆದು ಒಂದು ವಾರಕ್ಕೆ ಒಯ್ಯಬಹುದು. ಸದ್ಯಕ್ಕೆ ಒಂದು ಹೊರಗಿದೆ. ಒಯ್ದವರು ಆ ಹುಡುಗನ ತಂದೆಯವರು. ಮನೆಯಲ್ಲಿ ಒಂದು ಮರದ ಬಸವಣ್ಣ ಇದ್ದಾನಂತೆ.